ಬಿಸ್ಕತ್ತಿನೊಳಗಿನ ಹಸಿರು

"ಜಗತ್ತಿನಲ್ಲಿ ಕಡಲೆಕಾಯಿ ಬೆಳೆಯೋದೇ ನಿಂತುಹೋದರೂ ಸರಿ, ನನ್ನ ಬಿಸ್ಕತ್ತು ಮಾತ್ರ ನಿಲ್ಲೋದಿಲ್ಲ!"

ಹೀಗೆಂದು ಊಟದ ಮೇಜಿಗೆ ಮುಷ್ಟಿಯಿಂದ ಗುದ್ದಿ ನಾನು ಘೋಷಿಸಿದೆ. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿತು. ಹೆಂಡತಿ ಎದ್ದು ಹೋಗಿ ಒರೆಸುವ ಬಟ್ಟೆ ತಂದು ನನ್ನ ಕೈಗೇ ಕೊಟ್ಟಳು.

"ಮೊದಲು ಈ ನೀರು ನಿಲ್ಲಿಸಿ. ಬಿಸ್ಕತ್ತಿನ ವಿಷಯ ಆಮೇಲೆ ನೋಡೋಣ."

ಮಹಾನ್ ಸಂಕಲ್ಪಗಳಿಗೆಲ್ಲ ಆರಂಭದಲ್ಲಿ ಇಂಥ ಸಣ್ಣಪುಟ್ಟ ಅಡ್ಡಿ ಬರುವುದು ಸಹಜ. ನಾನು ಮೇಜು ಒರೆಸುತ್ತಲೇ ಸಂಕಲ್ಪವನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡೆ.

ಸಂಗತಿ ಇಷ್ಟೇ. ನನ್ನ ಹೆಂಡತಿಯ ಅಕ್ಕ, ಅಂದರೆ ನನ್ನ ಅತ್ತಿಗೆ, ಗಂಡನಿಗೆ ವರ್ಗವಾಗಿ ನಮ್ಮ ಊರಿಗೇ ಬಂದಿದ್ದರು. ಬಂದು ಸಾಮಾನು ಬಿಚ್ಚುವ ಮೊದಲೇ ಫೋನ್ ಮಾಡಿದರು. "ಭಾನುವಾರ ಸಂಜೆ ಚಹಾಕ್ಕೆ ಬರ್ತೀವಿ. ಫೋಟೋದಲ್ಲಿ ಅಮ್ಮ ಯಾಕೋ ಇಳಿದುಹೋಗಿದ್ದಾಳೆ. ಸರಿಯಾಗಿ ನೋಡ್ಕೊಳ್ಳೋಕೆ ನಿಮಗೆ ಕಷ್ಟ ಆಗ್ತಿದ್ರೆ ನಮ್ಮ ಮನೆಗೆ ಕರ್ಕೊಂಡು ಹೋಗ್ತೀವಿ. ನಮ್ಮಲ್ಲಿ ಲಿಫ್ಟ್ ಇದೆ."

ಫೋನಿಟ್ಟ ಹೆಂಡತಿಯ ಮುಖ ಬಾಡಿಹೋಯಿತು. ಅತ್ತೆ ನಮ್ಮ ಜೊತೆಗಿದ್ದು ಬಹಳ ವರ್ಷಗಳಾದವು. ಅಮ್ಮನಿಲ್ಲದ ಮನೆಯನ್ನು ಅವಳಿಗೆ ಊಹಿಸಿಕೊಳ್ಳಲೂ ಆಗುವುದಿಲ್ಲ. ನನಗೂ ಅಷ್ಟೆ. ಅಳಿಯ ಹೀಗೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಆದರೆ ಹೆಂಡತಿ ನನ್ನ ಮೇಲೆ ಹರಿಹಾಯ್ದಾಗ "ಹೋಗ್ಲಿ ಬಿಡೇ, ಪಾಪ" ಅನ್ನುವ ಒಂದೇ ಒಂದು ದನಿ ಈ ಮನೆಯಲ್ಲಿರುವುದು ಅತ್ತೆಯದು. ಅದೂ ಹೋದರೆ ನನ್ನ ಗತಿ?

ಆದ್ದರಿಂದ ನಾನು ಹೇಳಿದೆ: "ನೀನು ಚಿಂತೆ ಬಿಡು. ಈ ಮನೆ ಎಷ್ಟು ಚೆನ್ನಾಗಿ ನಡೀತಿದೆ ಅಂತ ನಿನ್ನ ಅಕ್ಕನಿಗೆ ತೋರಿಸೋ ಜವಾಬ್ದಾರಿ ನನ್ನದು. ನನ್ನ ಪೀನಟ್ ಬಟರ್ ಬಿಸ್ಕತ್ತು ಒಂದು ತಿಂದರೆ ಅವರು ಅಮ್ಮನನ್ನ ಕರ್ಕೊಂಡು ಹೋಗೋದಿರಲಿ, ತಾವೇ ಇಲ್ಲಿ ಉಳ್ಕೊಂಡುಬಿಡ್ತಾರೆ!"

ಆ ಬಿಸ್ಕತ್ತು ನನಗೆ ಬರುವ ಏಕೈಕ ಅಡುಗೆ. ಹಾಗೆಂದು ಹೊರಗೆ ಹೇಳುವುದಿಲ್ಲ. "ನನ್ನ ವಿಶೇಷ" ಅನ್ನುತ್ತೇನೆ.

"ಭಾವನಿಗೆ ಕಡಲೆಕಾಯಿ ಆಗಲ್ಲ," ಅಂದಳು ಹೆಂಡತಿ. "ಒಂದು ಬೀಜ ತಿಂದ್ರೂ ತುಟಿ ಊದ್ಕೊಳ್ಳುತ್ತೆ, ಉಸಿರು ಕಟ್ಟುತ್ತೆ. ಮದುವೆಯಾದಾಗಿನಿಂದ ಅಕ್ಕನ ಮನೇಲಿ ಕಡಲೆಕಾಯಿ ಅನ್ನೋ ಶಬ್ದಾನೂ ಆಡಲ್ಲ."

ಆಗಲೇ ನಾನು ಮೇಜು ಗುದ್ದಿದ್ದು.

"ಬೇಕರಿಯಿಂದ ಏನಾದ್ರೂ ತನ್ನಿ ಸಾಕು," ಅಂದಳು.

"ಬೇಕರಿಯದಾ? ನಿನ್ನ ಅಕ್ಕನಿಗೆ ಬೆಣ್ಣೆ ಹಚ್ಚಬೇಕಾದರೆ ಕೈಯಾರೆ ಹಚ್ಚಬೇಕು!"

"ಪೀನಟ್ ಬಟರೇ ಇಲ್ಲದೆ ಯಾವ ಬೆಣ್ಣೆ ಹಚ್ತೀರಿ?"

"ಅದರ ಬದಲು ಬೇರೆ ಹಾಕ್ತೀನಿ. ನಾನು ದಿನಾ ಮಾಡೋ ಕೆಲಸ ಇನ್ನೇನು?"

ಇದು ಸುಳ್ಳಲ್ಲ. ನಾನು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಗಿರಾಕಿ ಪರದೆಯ ತುಂಡು ತಂದು "ಗೋಡೆಗೆ ಇದೇ ಬಣ್ಣ ಬೇಕು" ಅಂದರೆ, ಇದ್ದದ್ದರಲ್ಲೇ ಅದು ಇದು ಬೆರೆಸಿ ಅದೇ ಬಣ್ಣ ತಂದುಕೊಡುತ್ತೇನೆ. ಯಾವುದೇ ಬಣ್ಣ ತೋರಿಸಿ, ಅದರೊಳಗೆ ಏನೇನು ಬಿದ್ದಿದೆ ಅಂತ ಹೇಳಬಲ್ಲೆ! ಹೀಗೆ ಎಲ್ಲರೆದುರಿಗೆ ಹೇಳಿಕೊಂಡು ತಿರುಗುತ್ತಿದ್ದೆ. ಆ ಭಾನುವಾರದವರೆಗೆ.

ಶನಿವಾರ ಮೊದಲ ಪ್ರಯೋಗ. ಪೀನಟ್ ಬಟರಿನ ಬದಲು ಎಳ್ಳಿನ ಪೇಸ್ಟು. ಹಿಟ್ಟು ಕಲಸುವಾಗಲೇ ಅನುಮಾನ ಬಂತು. ಹಿಟ್ಟು ಬೆರಳಿಗೆ ಅಂಟಿತು, ಬೆರಳು ಬಟ್ಟಲಿಗೆ ಅಂಟಿತು, ಬಟ್ಟಲು ಅಡುಗೆಕಟ್ಟೆಗೆ ಅಂಟಿತು. ನಮ್ಮ ಅಂಗಡಿಯಲ್ಲಿ ಗೋಡೆಯ ಬಿರುಕಿಗೆ ಮೆತ್ತುವ ಪುಟ್ಟಿಗೂ ಇಷ್ಟು ನಿಷ್ಠೆ ಇರುವುದಿಲ್ಲ! ಹೇಗೋ ಬಿಡಿಸಿ ಬೇಯಿಸಿ ಅತ್ತೆಗೆ ಒಂದು ಕೊಟ್ಟೆ. ಅವರು ಕಣ್ಣು ಮುಚ್ಚಿ ನಿಧಾನವಾಗಿ ಅಗಿದು ನುಂಗಿ, ನೀರು ಕುಡಿದರು.

"ಹೇಗಿದೆ ಅತ್ತೆ?"

"ಪರವಾಗಿಲ್ಲ. ಊಟಕ್ಕೆ ಮುಂಚೆ ತಗೋಬೇಕಿತ್ತಾ, ಆದಮೇಲಾ?"

ಪಾಪ, ಹೊಸ ಔಷಧಿ ಅಂದುಕೊಂಡಿದ್ದರು.

ಎಳ್ಳಿಗೆ ಎಳ್ಳುನೀರು ಬಿಟ್ಟು ಮತ್ತೆ ದಿನಸಿ ಅಂಗಡಿಗೆ ಓಡಿದೆ. ಅಲ್ಲಿ ಸಾಲಾಗಿ ಜೋಡಿಸಿದ್ದ ಸೀಸೆಗಳ ಮುಂದೆ ನಿಂತು ತಲೆ ಚಿಟ್ಟುಹಿಡಿಯಿತು. ಬಾದಾಮಿಯ ಬೆಣ್ಣೆ, ಗೋಡಂಬಿಯ ಬೆಣ್ಣೆ, ಸೂರ್ಯಕಾಂತಿ ಬೀಜದ ಬೆಣ್ಣೆ. ಎಲ್ಲದರ ಹೆಸರಲ್ಲೂ ಬೆಣ್ಣೆ, ಯಾವುದರೊಳಗೂ ಬೆಣ್ಣೆಯಿಲ್ಲ! ಇವುಗಳಲ್ಲಿ ಪೀನಟ್ ಬಟರಿನಂತೆ ಇರುವುದು ಯಾವುದು ಅಂತ ಅಲ್ಲಿದ್ದ ಹುಡುಗಿಯನ್ನು ಕೇಳಿದೆ.

"ಸೂರ್ಯಕಾಂತಿದು ತಗೊಳ್ಳಿ ಸರ್. ಬಣ್ಣ, ರುಚಿ, ಅಂಟು ಎಲ್ಲಾ ಹೆಚ್ಚುಕಡಿಮೆ ಅದೇ."

"ಕಡಲೆಕಾಯಿ ಒಂಚೂರೂ ಇಲ್ಲ ತಾನೆ?"

"ಸೂರ್ಯಕಾಂತೀಲಿ ಕಡಲೆಕಾಯಿ ಯಾಕಿರುತ್ತೆ ಸರ್?"

ಆದರೂ ಸೀಸೆಯ ಹಿಂದಿದ್ದ ಸಣ್ಣಕ್ಷರವನ್ನೆಲ್ಲ ಓದಿದೆ. ಬರೀ ಬೀಜ, ಚೂರು ಉಪ್ಪು. ತಂದೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕೆಲಸಕ್ಕೆ ಇಳಿದೆ. ಸೂರ್ಯಕಾಂತಿ ಪೇಸ್ಟು ಹೇಳಿದ ಮಾತು ಕೇಳಿತು. ಹಿಟ್ಟು, ಸಕ್ಕರೆ, ಪೇಸ್ಟು ಎಲ್ಲ ಸೇರಿ ಮುದ್ದೆಯಾಯಿತು. ಚೆನ್ನಾಗಿ ಉಬ್ಬಲಿ ಅಂತ ಅಡುಗೆ ಸೋಡಾ ಒಂದು ಚಿಟಿಕೆ ಹಾಕಿದೆ. ದೊಡ್ಡ ಮನೆಯವರು ಬರುತ್ತಾರೆ, ಇನ್ನೊಂದು ಚಿಟಿಕೆ ಇರಲಿ ಅನ್ನಿಸಿತು. ನನ್ನ ಚಿಟಿಕೆಗೆ ಮೂರಲ್ಲ, ಐದೂ ಬೆರಳು ಬೇಕು. ಅದು ಬೇರೆ ವಿಷಯ.

ಓವನ್ನಿನಿಂದ ಹೊರಬಂದ ಬಿಸ್ಕತ್ತು ನೋಡಿ ನನ್ನ ಕಣ್ಣೇ ತಾಗೀತು ಅಂತ ಹೆದರಿಕೆಯಾಯಿತು. ಅಂಥ ಹೊನ್ನಿನ ಬಣ್ಣ! ಹೆಂಡತಿಯೂ ಒಂದು ಮುರಿದು ಬಾಯಿಗೆ ಹಾಕಿಕೊಂಡು, "ನಿಜವಾಗ್ಲೂ ನೀವೇ ಮಾಡಿದ್ದಾ?" ಅಂದಳು. ಮದುವೆಯಾದಮೇಲೆ ಅವಳಿಂದ ನನಗೆ ಸಿಕ್ಕ ಬಿರುದುಗಳಲ್ಲಿ ಇದೇ ದೊಡ್ಡದು. ಅತ್ತೆ ಮಧ್ಯಾಹ್ನ ಒಂದಾದ ಮೇಲೊಂದು ಮೆದ್ದರು, ಔಷಧಿಯ ಮಾತೆತ್ತಲಿಲ್ಲ. ಮಿಕ್ಕಿದ್ದನ್ನು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ರಾಜ್ಯದ ಬೊಕ್ಕಸದಂತೆ ಬೀರುವಿನ ಮೇಲಿಟ್ಟೆ.

ಸಂಜೆ ಅತ್ತಿಗೆ, ಷಡ್ಡಕ ಬಂದರು. ಈ ಷಡ್ಡಕನ ಬಗ್ಗೆ ಒಂದು ಮಾತು ಹೇಳಬೇಕು. ಅವರು ವಿಮಾ ಕಂಪನಿಯಲ್ಲಿ ತನಿಖಾಧಿಕಾರಿ. ಅಂಗಡಿ ಸುಟ್ಟುಹೋಯಿತು, ಗೋದಾಮಿಗೆ ನೀರು ನುಗ್ಗಿತು ಅಂತ ಯಾರಾದರೂ ಪರಿಹಾರ ಕೇಳಿದರೆ, ಅಲ್ಲಿಗೆ ಹೋಗಿ ಅದು ತಾನಾಗಿ ಆದದ್ದೋ, ಮಾಡಿದ್ದೋ ಅಂತ ಪತ್ತೆ ಹಚ್ಚುವುದು ಅವರ ಕೆಲಸ. ಆದ್ದರಿಂದ ಅವರು ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯ ಕಾಲು ಅಲ್ಲಾಡಿಸಿ ನೋಡುತ್ತಾರೆ. ಹೆಂಡತಿಯಂತೆ ನಾನೂ ಅವರನ್ನು ಭಾವ ಅಂತಲೇ ಕರೆಯುವುದು.

ಅತ್ತಿಗೆ ನೇರವಾಗಿ ಅತ್ತೆಯ ಕೋಣೆಗೆ ಹೋದರು. ಹಾಸಿಗೆ ಒತ್ತಿ ನೋಡಿದರು, ಕಿಟಕಿ ತೆಗೆದು ಹಾಕಿ ಮಾಡಿದರು, ಹೊದಿಕೆ ಮೂಸಿದರು. ಹೊರಗೆ ಬಂದಾಗ ಮುಖ ಅಷ್ಟೇನೂ ಗಂಟಾಗಿರಲಿಲ್ಲ.

"ಪರವಾಗಿಲ್ಲ, ಚೊಕ್ಕಟವಾಗಿ ಇಟ್ಟಿದೀರಿ," ಅಂದರು.

ಹೆಂಡತಿ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಇದೇ ಹೊತ್ತು ಅಂತ ನಾನು ಬಿಸ್ಕತ್ತಿನ ತಟ್ಟೆ ಹೊತ್ತು, ಸಿಂಹಾಸನದ ಕಡೆ ನಡೆಯುವ ಹಾಗೆ ನಡೆದುಬಂದೆ.

"ಭಾವ, ನಿಮಗೋಸ್ಕರ ವಿಶೇಷವಾಗಿ ಮಾಡಿದ್ದು. ಕಡಲೆಕಾಯಿಯ ನೆರಳೂ ಸೋಕಿಲ್ಲ. ಅದರ ಬದಲು ಏನು ಹಾಕಿದೀನಿ ಅಂತ ತಿಂದು ನೀವೇ ಹೇಳಬೇಕು!"

ಭಾವ ಒಂದು ಬಿಸ್ಕತ್ತು ಎತ್ತಿಕೊಂಡರು. ಮೇಲೆ ನೋಡಿದರು, ಕೆಳಗೆ ನೋಡಿದರು, ಕಿವಿಯ ಹತ್ತಿರ ಹಿಡಿದು ತಟ್ಟಿದರು. ಆಮೇಲೆ ಎರಡು ಹೋಳು ಮಾಡಿದರು.

ಒಳಗೆ ಹಸಿರು!

ಸ್ವಲ್ಪ ಹಸಿರು ಅಂತ ಅಂದುಕೊಳ್ಳಬೇಡಿ. ಗಿಳಿಯ ರೆಕ್ಕೆಯ ಹಸಿರು. ಹೊರಗೆ ಹೊನ್ನು, ಒಳಗೆ ಪಚ್ಚೆ. ಒಡವೆಯ ಅಂಗಡಿಯಲ್ಲಾದರೆ ಜನ ಮುಗಿಬೀಳುತ್ತಿದ್ದರು.

ನಾನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದೆ. ಅವಳು ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ಪರೀಕ್ಷಿಸುವವಳು.

"ಏ, ನನ್ನ ಕಣ್ಣಿಗೆ ಏನೋ ಆಗಿದೆ. ಎಲ್ಲಾ ಹಸಿರಾಗಿ ಕಾಣಿಸ್ತಿದೆ."

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಹೋದ ತಿಂಗಳು ನಾನೇ ಪರೀಕ್ಷೆ ಮಾಡಿದೀನಿ."

ಅತ್ತಿಗೆ ಒಂದು ಮುರಿದರು. ಹಸಿರು. ಹೆಂಡತಿ ಒಂದು ಮುರಿದಳು. ಹಸಿರು. ನಾನು ತಟ್ಟೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಮುರಿಯುತ್ತಾ ಹೋದೆ, ಒಂದಾದರೂ ನನ್ನ ಮಾನ ಉಳಿಸೀತು ಅಂತ. ಎಲ್ಲವೂ ಒಟ್ಟಾಗಿ ಮಾತಾಡಿಕೊಂಡು ಬಂದವರ ಹಾಗೆ ಹಸಿರು!

"ಬೂಷ್ಟು ಹಿಡಿದಿದೆ," ಅಂದರು ಅತ್ತಿಗೆ. "ಯಾವ ಕಾಲದ್ದು ಇದು?"

"ಇವತ್ತು ಬೆಳಿಗ್ಗೆ ಮಾಡಿದ್ದು ಅತ್ತಿಗೆ!"

"ಬೆಳಿಗ್ಗೆ ಒಳಗೆ ಹೀಗಿರಲಿಲ್ಲ ಅಕ್ಕ," ಅಂದಳು ಹೆಂಡತಿ. "ನಾನೇ ಮುರಿದು ತಿಂದೆ. ಚೆನ್ನಾಗಿಯೇ ಇತ್ತು."

"ಹಾಗಾದ್ರೆ ಬೆಳಿಗ್ಗೆಯಿಂದ ಸಂಜೆಯೊಳಗೆ ಡಬ್ಬಿಯಲ್ಲಿ ಕೂತು ಬಣ್ಣ ಬದಲಾಯಿಸಿತಾ?" ಭಾವ ಕನ್ನಡಕ ಏರಿಸಿದರು. "ನಿಮ್ಮ ಕೈ ತೋರಿಸಿ."

"ಯಾಕೆ ಭಾವ?"

"ನೀವು ಬಣ್ಣದ ಅಂಗಡೀಲಿ ಕೆಲಸ ಮಾಡೋರು."

ಕೈ ಚಾಚಿದೆ. ಉಗುರಿನ ಸಂದಿಯಲ್ಲಿ ಚೂರು ಬಣ್ಣವಿತ್ತು. ಆದರೆ ಅದು ನೀಲಿ. ನನಗೆ ಜೀವ ಬಂದಂತಾಯಿತು.

"ನೋಡಿ, ನೀಲಿ! ಹಸಿರಲ್ಲ!"

"ಕಲಸಿದ ಹಿಟ್ಟಿನ ಹಳದಿಗೆ ನೀಲಿ ಸೇರಿದ್ರೆ ಏನಾಗುತ್ತೆ?" ಅಂದರು ಭಾವ ಶಾಂತವಾಗಿ.

ಬಣ್ಣ ಬೆರೆಸುವುದರಲ್ಲಿ ಇಷ್ಟು ವರ್ಷ ತಲೆ ನೆರೆಸಿಕೊಂಡವನು ನಾನು. ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಯಿತು.

"ಆದರೆ ಉಗುರಿನ ಸಂದಿಯ ಬಣ್ಣಕ್ಕೆ ಒಂದು ತಟ್ಟೆ ಬಿಸ್ಕತ್ತು ಹೀಗಾಗಲ್ಲ ಭಾವ! ಇದಕ್ಕೆ ಅರ್ಧ ಡಬ್ಬಿ ಬೇಕು!"

"ಅರ್ಧ ಡಬ್ಬಿ ಹಾಕಿದ್ರಾ?"

"ಇಲ್ಲ ಅಂತಾನೇ ಹೇಳ್ತಿರೋದು!"

ನನಗೆ ನಿಜವಾಗಿಯೂ ಏನೂ ತಿಳಿಯಲಿಲ್ಲ. ಕಂದು ಬೀಜ, ಬಿಳಿ ಹಿಟ್ಟು, ಬಿಳಿ ಸಕ್ಕರೆ. ಇವು ಮೂರನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೂ ಹಸಿರು ಬರುವುದಕ್ಕೆ ಸಾಧ್ಯವಿಲ್ಲ. ಬಂದಿದೆ! ಅಂಗಡಿಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಕ್ಕು ಕಳಿಸುತ್ತಿದ್ದೆ.

ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಕೂಗಿದಳು.

"ರೀ! ಸೋಡಾ ಯಾವ ಡಬ್ಬಿಯಿಂದ ತಗೊಂಡ್ರಿ?"

"ನೀಲಿ ಮುಚ್ಚಳದ್ದು!"

ಅವಳು ಎರಡೂ ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದುಕೊಂಡು ಬಂದು ನಿಂತಳು. ಎರಡಕ್ಕೂ ನೀಲಿ ಮುಚ್ಚಳ. ಎರಡರಲ್ಲೂ ಬಿಳಿ ಪುಡಿ.

"ಇದು ಸೋಡಾ. ಇದು ಸಿಂಕ್ ಉಜ್ಜೋ ಪುಡಿ. ಯಾವುದು?"

ನಾನು ಈ ಡಬ್ಬಿ ನೋಡಿದೆ. ಆ ಡಬ್ಬಿ ನೋಡಿದೆ. ಮತ್ತೆ ಈ ಡಬ್ಬಿ ನೋಡಿದೆ.

"ಎಡಗಡೆ ಇದ್ದದ್ದು."

"ಎಡಗಡೆ ಅಂದ್ರೆ ನೀವು ಸಿಂಕ್ ಕಡೆ ಮುಖ ಮಾಡಿದಾಗಲೋ, ಓವನ್ ಕಡೆ ಮುಖ ಮಾಡಿದಾಗಲೋ?"

"ನಾನು... ಕಿಟಕಿ ಕಡೆ ಮುಖ ಮಾಡಿದ್ದೆ ಅನ್ಸುತ್ತೆ."

ಅತ್ತಿಗೆ ಕುರ್ಚಿಯಿಂದ ದಡಕ್ಕನೆ ಎದ್ದರು. "ಅಮ್ಮ! ನೀನು ಎಷ್ಟು ತಿಂದೆ?"

ಅತ್ತೆ ಸೋಫಾದ ಮೂಲೆಯಲ್ಲಿ ನೆಮ್ಮದಿಯಾಗಿ ಕೂತಿದ್ದರು. "ನಾಲ್ಕೋ ಐದೋ. ಚೆನ್ನಾಗಿತ್ತು."

"ನಾಲಿಗೆ ತೋರಿಸು!"

ಅತ್ತೆ ಯಾಕೋ ಬಾಯಿ ಬಿಗಿಹಿಡಿದರು. "ಯಾಕೆ? ನಾನೇನು ಮಗುವಾ?"

"ತೋರಿಸಮ್ಮ!"

ಅತ್ತೆ ನನ್ನ ಕಡೆ ಒಮ್ಮೆ ನೋಡಿ, ನಾಲಿಗೆಯ ತುದಿಯನ್ನು ಅರೆಮನಸ್ಸಿನಿಂದ ಹೊರಗೆ ಹಾಕಿದರು.

ಹಚ್ಚ ಹಸಿರು!

ಮನೆಯಲ್ಲಿ ಹಾಹಾಕಾರ. ಅತ್ತಿಗೆ ಅಮ್ಮನ ತೋಳು ಹಿಡಿದು ಅಳಲು ಶುರುಮಾಡಿದರು. ಭಾವ ಮೊಬೈಲಿನ ಟಾರ್ಚು ಹಾಕಿ ಎಲ್ಲರ ಬಾಯೊಳಗೂ ಬೆಳಕು ಬಿಟ್ಟರು. ನಾವು ಗಂಡಹೆಂಡಿರು ಸಾಲಾಗಿ ನಿಂತು ನಾಲಿಗೆ ಚಾಚಿದೆವು. ಹೆಂಡತಿಯದು ಸರಿಯಾಗಿತ್ತು. ನನ್ನದೂ ಸರಿಯಾಗಿತ್ತು. ಅದೂ ತಪ್ಪಾಯಿತು! "ಮಾಡಿದವರು ಮಾತ್ರ ತಿಂದಿಲ್ಲ," ಅಂದರು ಭಾವ. ತಿಂದಿದ್ದೆ ಅಂತ ನಾಲಿಗೆ ಚಾಚಿಕೊಂಡೇ ಹೇಳಲು ಹೋದೆ. ಯಾರಿಗೂ ಅರ್ಥವಾಗಲಿಲ್ಲ.

ಹೆಂಡತಿ ನಮ್ಮ ಡಾಕ್ಟರಮ್ಮನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. "ನೀವೇ ಮಾತಾಡಿ. ಹಾಕಿದ್ದೇನು ಅಂತ ಗೊತ್ತಿರೋದು ನಿಮಗೆ." ಅದೊಂದು ಬಿಟ್ಟು ಬೇರೆಲ್ಲ ಗೊತ್ತಿತ್ತು ನನಗೆ.

"ಹೇಳಿ. ಯಾರಿಗೆ ಹುಷಾರಿಲ್ಲ?" ಅಂದರು ಡಾಕ್ಟರಮ್ಮ.

"ಯಾರಿಗೂ ಏನೂ ಆಗಿಲ್ಲ ಡಾಕ್ಟರೇ. ಹಸಿರಾಗಿದೆ."

"ಯಾರು ಹಸಿರಾಗಿದ್ದಾರೆ?"

"ಬಿಸ್ಕತ್ತು."

"ಬಿಸ್ಕತ್ತಿಗೆ ನಾನು ಔಷಧಿ ಕೊಡಲ್ಲ. ತಿಂದವರಿಗೆ ಏನಾದ್ರೂ ಆಗಿದೆಯಾ? ವಾಂತಿ, ಹೊಟ್ಟೆನೋವು?"

"ಅತ್ತೆ, ಹೊಟ್ಟೆನೋವಿದೆಯಾ?"

"ಹಸಿವಾಗ್ತಿದೆ," ಅಂದರು ಅತ್ತೆ.

"ಹಸಿವಂತೆ ಡಾಕ್ಟರೇ. ಆದರೆ ನಾಲಿಗೆ ಹಸಿರು."

"ಬಾಯಲ್ಲಿ ಇನ್ನೇನಾದ್ರೂ ಇದೆಯಾ ನೋಡಿ."

ನನಗೆ ಆಗ ಹೊಳೆಯಿತು. ಹೊಳೆದದ್ದೇ ತಡ, ಹೊಳೆಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಭಾವ ಅಷ್ಟರಲ್ಲಿ ಟಾರ್ಚು ಹಿಡಿದು ಅತ್ತೆಯ ದವಡೆಯ ಸಂದಿಗೆ ಇಣುಕಿಯಾಗಿತ್ತು.

"ಏನೋ ಇದೆ. ದುಂಡಗಿದೆ. ಹಸಿರಾಗಿದೆ."

"ಪೆಪ್ಪರಮಿಂಟು," ಅಂದರು ಅತ್ತೆ, ಸಿಕ್ಕಿಬಿದ್ದ ಕಳ್ಳರ ದನಿಯಲ್ಲಿ.

ಅತ್ತೆಗೆ ಹೊಸದಾಗಿ ಹಲ್ಲಿನ ಸೆಟ್ಟು ಕಟ್ಟಿಸಿದೆ. ಗಟ್ಟಿ ಮಿಠಾಯಿ ತಿನ್ನಕೂಡದು ಅಂತ ದಂತವೈದ್ಯರು ಹತ್ತು ಸಲ ಹೇಳಿದ್ದಾರೆ. ಈ ಮನೆಯಲ್ಲಿ ಅವರಿಗೆ ಪೆಪ್ಪರಮಿಂಟು ತಂದುಕೊಡುವವರು ಯಾರು? ಮೂರು ಜೋಡಿ ಕಣ್ಣು ಒಟ್ಟಿಗೆ ನನ್ನ ಕಡೆ ತಿರುಗಿದವು. ಅತ್ತೆ ಮಾತ್ರ ಸಭ್ಯತೆಯಿಂದ ಚಾವಣಿ ನೋಡುತ್ತಿದ್ದರು.

"ಹೋಗ್ಲಿ ಬಿಡೇ, ಪಾಪ," ಅಂದರು ಕೊನೆಗೆ. ಆ ದಿನ ಆ ಮಾತಿಗೆ ಬೆಲೆ ಬರಲಿಲ್ಲ.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಸಿಂಕಿನ ಪುಡಿ ಹೊಟ್ಟೆಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಗಂಟಲು ಉರಿದು ಗೊತ್ತಾಗುತ್ತಿತ್ತು, ಆದರೂ ಯಾವ ಪುಡಿ ಅಂತ ಖಚಿತ ಮಾಡಿಕೊಂಡು ಮತ್ತೆ ಫೋನ್ ಮಾಡಿ, ಅಲ್ಲಿಯವರೆಗೆ ಯಾರೂ ಇನ್ನೊಂದು ಬಿಸ್ಕತ್ತು ಮುಟ್ಟಬೇಡಿ ಅಂದರು. ಮುಟ್ಟುವ ಧೈರ್ಯ ಯಾರಿಗಿತ್ತು!

"ಖಚಿತ ಮಾಡೋದು ನನಗೆ ಬಿಡಿ," ಅಂದರು ಭಾವ. ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ತೋಳು ಮಡಚಿದರು. ಇಡೀ ಸಂಜೆಯಲ್ಲಿ ಅವರು ಸಂತೋಷವಾಗಿ ಕಂಡದ್ದು ಆಗಲೇ. ಅಡುಗೆಮನೆಯಲ್ಲಿ ನನ್ನನ್ನು ಒಂದು ಮೋಡದ ಮೇಲೆ, ಕ್ಷಮಿಸಿ, ಮೋಡಾ ಅನ್ನುವ ಬೆತ್ತದ ಪೀಠದ ಮೇಲೆ ಕೂರಿಸಿದರು. ಆ ಹೊತ್ತಿಗೆ ನನಗೆ ಎರಡಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

"ಘಟನೆ ನಡೆದಾಗ ನಿಮ್ಮ ಜೊತೆ ಯಾರಿದ್ರು?"

"ಯಾರೂ ಇರಲಿಲ್ಲ ಭಾವ."

"ಬಾಗಿಲು?"

"ಮುಂದೆ ಮಾಡಿತ್ತು."

"ಯಾಕೆ?"

"ರಹಸ್ಯ ಯಾರಿಗೂ ಗೊತ್ತಾಗಬಾರದು ಅಂತ."

"ಗೊತ್ತಾಗಲಿಲ್ಲ," ಅಂದರು ಭಾವ. "ನಿಮಗೂ."

ಬಟ್ಟಲುಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಸ್ವಲ್ಪ ಸೂರ್ಯಕಾಂತಿ ಪೇಸ್ಟು, ಸ್ವಲ್ಪ ಬಿಸಿನೀರು ಹಾಕಿದರು. ಮೊದಲನೆಯದಕ್ಕೆ ಹಿಟ್ಟು. ಎರಡನೆಯದಕ್ಕೆ ಸಕ್ಕರೆ. ಮೂರನೆಯದಕ್ಕೆ ಅಡುಗೆ ಸೋಡಾ. ನಾಲ್ಕನೆಯದಕ್ಕೆ ಸಿಂಕಿನ ಪುಡಿ. ಸೋಡಾ ಎಷ್ಟು ಹಾಕಿದ್ರಿ ಅಂತ ಕೇಳಿದರು. "ಎರಡು ಚಿಟಿಕೆ" ಅಂದೆ. ಹಾಕಿ ತೋರಿಸಿ ಅಂದರು. ಹಾಕಿ ತೋರಿಸಿದೆ. "ಇದು ಚಿಟಿಕೆಯಲ್ಲ, ಬೊಗಸೆ," ಅಂತ ಹೆಂಡತಿ ಹಿಂದಿನಿಂದ ಸಾಕ್ಷಿ ನುಡಿದಳು.

ಎಲ್ಲರೂ ಬಟ್ಟಲುಗಳ ಸುತ್ತ ಕೂತು ನೋಡತೊಡಗಿದೆವು. ಚಹಾ ಆರಿಹೋಯಿತು. ಹೊರಗೆ ಕತ್ತಲಾಗುತ್ತಾ ಬಂತು. ಅತ್ತಿಗೆ ಅಮ್ಮನ ಕೈ ಬಿಟ್ಟಿರಲಿಲ್ಲ. ಅಮ್ಮನನ್ನ ಇವತ್ತೇ ಕರ್ಕೊಂಡು ಹೋಗ್ತೀನಿ, ನಾಳೆ ಬಟ್ಟೆಬರೆ ಕಳಿಸಿದ್ರೆ ಸಾಕು ಅಂತ ತಂಗಿಗೆ ಆಗಲೇ ಹೇಳಿಯಾಗಿತ್ತು. ನನ್ನ ಹೆಂಡತಿ ಬಟ್ಟಲನ್ನೇ ದಿಟ್ಟಿಸುತ್ತಿದ್ದಳು. ಕಣ್ಣು ತುಂಬಿಬಂದಿತ್ತು. ಅದನ್ನು ನೋಡಿದ ಮೇಲೆ ನನಗೆ ತಮಾಷೆಯೆಲ್ಲ ಇಳಿದುಹೋಯಿತು. ಒಂದು ಬಿಸ್ಕತ್ತು ಮಾಡಲು ಹೋಗಿ ಇವಳ ಅಮ್ಮನನ್ನೇ ಕಳೆದುಬಿಟ್ಟೆನಲ್ಲ!

ದೀಪ ಹಾಕಿದಾಗ ಭಾವ ಬಗ್ಗಿ ನೋಡಿದರು.

"ಬಂತು!"

ಸೋಡಾದ ಬಟ್ಟಲಿನ ಅಂಚಿನಲ್ಲಿ ತೆಳ್ಳಗೆ ಹಸಿರು! ನಾನು ಕುಣಿದುಬಿಟ್ಟೆ. "ಸೋಡಾನೇ! ಸೋಡಾ, ಸೂರ್ಯಕಾಂತಿ ಸೇರಿದ್ರೆ ಹಸಿರಾಗುತ್ತೆ! ಬಣ್ಣ ಅಲ್ಲ, ಬೂಷ್ಟು ಅಲ್ಲ, ಪುಡೀನೂ ಅಲ್ಲ!"

"ಕೂತ್ಕೊಳ್ಳಿ," ಅಂದರು ಭಾವ. "ಪಕ್ಕದ್ದು ನೋಡಿ."

ಸಿಂಕಿನ ಪುಡಿಯ ಬಟ್ಟಲು ಇನ್ನೂ ಗಾಢ ಹಸಿರು.

ನಾನು ಕೂತೆ. ಮೋಡಾ ಎಲ್ಲಿತ್ತೋ ಅಲ್ಲಿ ಕೂರಲಿಲ್ಲ, ನೆಲಕ್ಕೇ ಕೂತೆ. ಇದೊಳ್ಳೆ ಪೇಚಾಯಿತು! ಹಸಿರು ಯಾಕೆ ಬಂತು ಅಂತ ಗೊತ್ತಾಯಿತು, ಯಾವುದರಿಂದ ಬಂತು ಅಂತ ಗೊತ್ತಾಗಲಿಲ್ಲ. ಅಡುಗೆ ಸೋಡಾ ಹಾಕಿದ್ದರೂ ಹಸಿರು, ಸಿಂಕಿನ ಪುಡಿ ಹಾಕಿದ್ದರೂ ಹಸಿರು!

ಹೆಂಡತಿ ಆಗ ಮೂಗು ಒರೆಸಿಕೊಂಡು ಎದ್ದಳು. ಒಂದು ಬಾಟಲಿಗೆ ನೀರು ಹಾಕಿ, ಬಿಸ್ಕತ್ತಿನ ಚೂರು ಉದುರಿಸಿ, ಮುಚ್ಚಳ ಹಾಕಿ ರಪರಪನೆ ಕುಲುಕಿದಳು. ಇನ್ನೊಂದು ಬಾಟಲಿಗೆ ನೀರಿನ ಜೊತೆ ಒಂದು ಚೂರು ಸಿಂಕಿನ ಪುಡಿ ಹಾಕಿ ಅದನ್ನೂ ಕುಲುಕಿದಳು. ಎರಡನೆಯದರಲ್ಲಿ ನೊರೆ ಕತ್ತಿನವರೆಗೆ ಉಕ್ಕಿ ನಿಂಬೆಯ ವಾಸನೆ ಘಮ್ಮೆಂದಿತು. ಮೊದಲನೆಯದರಲ್ಲಿ ಒಂದು ಗುಳ್ಳೆಯೂ ಇಲ್ಲ. ಬರೀ ಕದಡಿದ ಹಸಿರು ನೀರು. ವಾಸನೆಯೂ ಇಲ್ಲ.

"ಸಿಂಕಿನ ಪುಡಿ ಹಾಕಿದ್ರೆ ನೊರೆ ಬರದೇ ಇರುತ್ತಾ?" ಅಂದಳು. "ಇವರು ಸೋಡಾನೇ ಹಾಕಿರೋದು. ಜಾಸ್ತಿ ಹಾಕಿದ್ದಾರೆ, ಅಷ್ಟೆ."

ಭಾವ ಎರಡೂ ಬಾಟಲಿ ದೀಪಕ್ಕೆ ಹಿಡಿದು ನೋಡಿದರು. ಮೂಸಿದರು. "ಒಪ್ಪಿದೆ," ಅಂದರು. ವಿಮಾ ಕಂಪನಿಯಿಂದ ಆ ಮಾತು ಕೇಳಲು ಜನ ವರ್ಷಗಟ್ಟಲೆ ಕಾಯುತ್ತಾರಂತೆ.

ಡಾಕ್ಟರಮ್ಮನಿಗೆ ಫೋನ್ ಹೋಯಿತು. ಸೋಡಾ ಸೇರಿದರೆ ಆ ಬೀಜ ಹಾಗೆ ಬಣ್ಣ ತಿರುಗುವುದುಂಟು, ತೊಂದರೆಯಿಲ್ಲ, ತಿನ್ನಬಹುದು ಅಂದರು. ಭಾವ ಡಬ್ಬಿಯಲ್ಲಿ ಉಳಿದಿದ್ದ ಒಂದು ಬಿಸ್ಕತ್ತಿನ ಮೂಲೆ ಮುರಿದು, ನಾಲಿಗೆಗೆ ಮುಟ್ಟಿಸಿ, ತುಟಿ ಮುಟ್ಟಿ ನೋಡಿಕೊಂಡು, ಕಾದು, ಆಮೇಲೆ ಒಂದು ಪೂರ್ತಿ ತಿಂದರು. ಇನ್ನೊಂದು ತಿಂದರು. "ಕಡಲೆಕಾಯಿ ಬಿಸ್ಕತ್ತಿನ ರುಚಿ ಹೀಗಿರುತ್ತೆ ಅಂತ ನನಗೆ ಈ ವಯಸ್ಸಿಗೆ ಗೊತ್ತಾಯ್ತು," ಅಂದರು ಮೆಲ್ಲಗೆ. ಹುಟ್ಟಿದಾಗಿನಿಂದ ಎಲ್ಲರೂ ತಿನ್ನುವುದನ್ನು ನೋಡುತ್ತಾ ಕೂತವರಂತೆ ಅವರು. ಆ ಮಾತು ಕೇಳಿ ನನಗೆ ನಿಜಕ್ಕೂ ಪಾಪ ಅನ್ನಿಸಿತು. ಎದೆಯೂ ಉಬ್ಬಿತು.

ಆದರೆ ಅತ್ತಿಗೆ ಸೋಲುವವರಲ್ಲ.

"ಸರಿ, ವಿಷ ಅಲ್ಲ, ಒಪ್ಪಿದೆ. ಆದ್ರೂ ಅಮ್ಮ, ನೀನು ನಮ್ಮನೆಗೆ ಬಂದುಬಿಡು. ಒಂದೇ ತರದ ಡಬ್ಬಿಯಲ್ಲಿ ಸೋಡಾ, ಸಿಂಕಿನ ಪುಡಿ. ಬಾಯಲ್ಲಿ ಪೆಪ್ಪರಮಿಂಟು. ಇಂಥ ಮನೇಲಿ ನಿನ್ನ ಬಿಟ್ಟು ನಾನು ನೆಮ್ಮದಿಯಾಗಿ ಹೇಗಿರಲಿ?"

ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಇದೀಗ ಏನಾದರೂ ಮಾತಾಡಲೇಬೇಕು ಅಂತ ನಾನು ಎದ್ದುನಿಂತೆ.

"ಅತ್ತಿಗೆ! ಇವತ್ತಿನದು ಒಂದು ಕಣ್ತಪ್ಪು. ಅತ್ತೆಯನ್ನ ನೋಡಿಕೊಳ್ಳೋ ಹೊಣೆ ಇಷ್ಟು ವರ್ಷ ಹೊತ್ತವನು ನಾನು. ಮುಂದೆಯೂ ಹೊರುತ್ತೇನೆ. ಅವರಿಗೆ ಇಲ್ಲಿ ಯಾವ ಕೊರತೆಯೂ ಇಲ್ಲ. ಬೇಕಾದ್ರೆ ಅವರನ್ನೇ ಕೇಳಿ!"

"ನಾನು ಬರಲ್ಲ ಕಣೇ," ಅಂದರು ಅತ್ತೆ.

ನೋಡಿದಿರಾ! ನಾನು ಸುತ್ತಲೂ ಒಮ್ಮೆ ಕಣ್ಣು ಹಾಯಿಸಿದೆ. ಭಾವನ ಕಡೆ ತುಸು ಹೆಚ್ಚೇ ಹಾಯಿಸಿದೆ.

"ಯಾಕಮ್ಮ?" ಅಂದರು ಅತ್ತಿಗೆ. "ಇವರು ನಿನ್ನ ಅಷ್ಟು ಚೆನ್ನಾಗಿ ನೋಡ್ಕೋತಾರಾ?"

"ಇವರು ನನ್ನ ನೋಡ್ಕೊಳ್ಳೋದೇನು ಬಂತು?" ಅತ್ತೆ ಸೆರಗು ಸರಿಮಾಡಿಕೊಂಡರು. "ನಿನ್ನ ತಂಗಿ ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಹೋಗ್ತಾಳೆ. ನಾನೂ ನಿನ್ನ ಮನೆಗೆ ಬಂದುಬಿಟ್ರೆ ಅಳಿಯಂದಿರ ಮೇಲೆ ಕಣ್ಣಿಡೋರು ಯಾರು?"

ಇದು ತಮಾಷೆ ಅಂದುಕೊಂಡು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಭಾವ ಗಂಭೀರವಾಗಿ ತಲೆಯಾಡಿಸಿದರು. ಹೆಂಡತಿ ನನ್ನ ತೋಳು ಬಿಟ್ಟು ಅವಳೂ ತಲೆಯಾಡಿಸಿದಳು. ಅತ್ತಿಗೆ ಸ್ವಲ್ಪ ಹೊತ್ತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಮುಖದ ಬಿಗಿ ಕರಗಿತು.

"ಅದೂ ನಿಜ," ಅಂದರು.

ಹೊರಡುವಾಗ ಬಾಗಿಲ ಹತ್ತಿರ ಅತ್ತಿಗೆ ತಿರುಗಿ ನಿಂತರು. ಅಮ್ಮನ ಬಗ್ಗೆ ಏನೋ ಎಚ್ಚರಿಕೆ ಹೇಳುತ್ತಾರೆ ಅಂತ ನಾನು ಕೈಕಟ್ಟಿ, ವಿನಯದಿಂದ ಒಂದು ಹೆಜ್ಜೆ ಮುಂದೆ ಬಂದೆ. ಅವರು ನನ್ನನ್ನು ಬಳಸಿಕೊಂಡು ಹೋಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡರು.

"ಹುಷಾರಾಗಿ ನೋಡ್ಕೋ ಅಮ್ಮ ಇವರನ್ನ. ನಿನ್ನಿಂದ ಆಗಲ್ಲ ಅನ್ನಿಸಿದ್ರೆ ಒಂದು ಫೋನ್ ಮಾಡು, ನಾವೇ ಬಂದು ಇವರನ್ನ ಕರ್ಕೊಂಡು ಹೋಗ್ತೀವಿ."